ಕಿವಿಸಾಕ್ಷಿ

ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಗೆ ಹತ್ತಿರದ ಹೊಸೂರು ರಸ್ತೆಯ ಧರ್ಮಾರಾಮದಂಥ ದೇವಶಾಸ್ತ್ರ ವಿದ್ಯಾಲಯಗಳಲ್ಲಿ ಪಾಠದ ಶಿಸ್ತಿನಿಂದ ನಡೆಯುವ ಬೈಬಲಿನ ಓದು, ಜಯನಗರದ ಮನೆಯೊಂದರ ಹಜಾರದಲ್ಲಿ ಅವಸರವಿಲ್ಲದ ಹವ್ಯಾಸವೂ ಆಗಬಲ್ಲದು. ಒಂದೇ ಅಧ್ಯಾಯವನ್ನು ತಿಂಗಳುಗಟ್ಟಲೆ ಪದಪದವಾಗಿ ಬಿಡಿಸುವ ಆ ಸುಖಕ್ಕೆ, ಹೀಬ್ರೂ ಪ್ರವಾದಿ ಯೆಶಾಯನ ಹೆಸರಿನ ಗ್ರಂಥದ 66 ಅಧ್ಯಾಯಗಳಲ್ಲಿ 43ನೆಯದು ಹೇಳಿ ಮಾಡಿಸಿದಂತಿದೆ. ಕ್ರಿ.ಪೂ. 6ನೆಯ ಶತಮಾನದಲ್ಲಿ ಬಾಬಿಲೋನಿನ ಸೆರೆಯಲ್ಲಿದ್ದ ಯೆಹೂದ್ಯರಿಗೆ ಹೇಳಿದ್ದೆಂದು ಬಹುಪಾಲು ವಿದ್ವಾಂಸರು ಒಪ್ಪುವ ಈ ಭಾಗದಲ್ಲಿ ಒಂದು ನ್ಯಾಯಸ್ಥಾನ ನೆರೆದಿದೆ: ಅನ್ಯ ಜನಾಂಗಗಳು ತಮ್ಮ ದೇವತೆಗಳ ಪರ ಸಾಕ್ಷಿ ತರಬೇಕು; ದೇವರು ತನ್ನ ಪರ ಕಟಕಟೆಗೆ ಕರೆಯುವುದು ಕಣ್ಣಿದ್ದೂ ಕಾಣದ, ಕಿವಿಯಿದ್ದೂ ಕೇಳದ ತನ್ನದೇ ಜನರನ್ನು. ಯಾವ ವಕೀಲನೂ ಇಂಥ ಸಾಕ್ಷಿಗಳನ್ನು ನೆಚ್ಚಲಾರ.

ಕೇಳುವಿಕೆಗೆ ಹೀಬ್ರೂವಿನಲ್ಲಿರುವ 'ಶಾಮಾ' ಎಂಬ ಧಾತು ಕಿವಿಗೆ ಬೀಳುವುದನ್ನೂ ಮಾತಿಗೆ ಮಣಿಯುವುದನ್ನೂ ಒಟ್ಟಿಗೆ ಹೇಳುತ್ತದೆ. 'ಹಾಡು ಕೇಳಿದ', 'ಮಗ ಮಾತು ಕೇಳುವುದಿಲ್ಲ' ಎನ್ನುವ ಕನ್ನಡಿಗನಿಗೆ ಇದಕ್ಕೆ ಟಿಪ್ಪಣಿಯೇ ಬೇಕಿಲ್ಲ. ಅಲ್ಲದೆ ನಮ್ಮ 'ಕೇಳು' ಪ್ರಶ್ನಿಸುವುದೂ ಹೌದು, ಆ ಸಲಿಗೆ ಹೀಬ್ರೂ ಪದಕ್ಕಿಲ್ಲ. ಕೇಳೆಂಬ ಕರೆ ನಮ್ಮ ಗಮಕದಲ್ಲೂ ಉಂಟು. ಗಮಕವೆಂದರೆ ಕಾವ್ಯವನ್ನು ಅರ್ಥಕ್ಕೊಪ್ಪುವ ರಾಗದಲ್ಲಿ ವಾಚಿಸುವ ಕಲೆ. ಅದರಲ್ಲಿ ಪಳಗಿದ ಬನಶಂಕರಿಯ ಕಿವಿ, ಕುಮಾರವ್ಯಾಸನ ಎಷ್ಟೋ ಸಂಧಿಗಳು ಜನಮೇಜಯನನ್ನು ಕೇಳೆಂದು ಕರೆಯುತ್ತಲೇ ತೆರೆದುಕೊಳ್ಳುವುದನ್ನು ಬಲ್ಲದು.

ತೊಡಕಿರುವುದು ಇನ್ನೊಂದು ಪದದಲ್ಲಿ. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲಿನ ಪರಂಪರೆ ಬಳಸುವ 'ಸಾಕ್ಷಿ' ಶಬ್ದದೊಳಗೆ 'ಅಕ್ಷಿ' ಎಂಬ ಕಣ್ಣು ಕುಳಿತಿದೆ. ಮದುವೆಯ ಅಗ್ನಿಸಾಕ್ಷಿಯಂತೂ ಎಲ್ಲವನ್ನೂ ಕಂಡು ಒಂದು ಮಾತನ್ನೂ ಆಡದು. ಹೀಬ್ರೂವಿನ 'ಏದ್' ಹಾಗಲ್ಲ, ತಿಳಿದದ್ದನ್ನು ಬಾಯಿಬಿಟ್ಟು ಹೇಳಬೇಕಾದವನು. ಭಾರತದ 1872ರ ಸಾಕ್ಷ್ಯ ಅಧಿನಿಯಮವೂ ಕಿವಿಗೆ ಸಲ್ಲಬೇಕಾದ ಮಾನ ಕೊಟ್ಟಿತ್ತು: ಕೇಳಬಹುದಾದ ಸಂಗತಿಗೆ ಸ್ವತಃ ಕೇಳಿದವನೇ ಸಾಕ್ಷಿ ನುಡಿಯಬೇಕು. ಯೆಶಾಯನಲ್ಲಿ ಬೆರಗು ಹುಟ್ಟಿಸುವುದೆಂದರೆ, ಕರೆಸಿಕೊಂಡ ಆ ಸಾಕ್ಷಿಗಳು ಈ ದೃಶ್ಯದಲ್ಲಿ ಒಂದು ಮಾತನ್ನೂ ಆಡದಿರುವುದು. ಅವರ ಸರದಿ ಬಂದಿದೆ, ಅಷ್ಟೆ.

'ಶಾಮಾ', 'ಏದ್' ಎರಡೂ ಪದಗಳು ಕೂಡುವ ಸ್ಥಳ ಬೈಬಲಿನ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ 4ನೆಯ ವಚನ. ಆ ಕಾಂಡವೂ ಸೇರಿದ ಯೆಹೂದ್ಯರ ಧರ್ಮಗ್ರಂಥ ತೋರಾದ ಸುರುಳಿಯನ್ನು ಕೈಯಿಂದ ಬರೆಯುವ ಲಿಪಿಕಾರ ಅಲ್ಲಿ 'ಕೇಳು' ಎಂಬರ್ಥದ ಮೊದಲ ಪದ 'ಶೆಮಾ'ದ ಕೊನೆಯಕ್ಷರವನ್ನೂ, 'ಒಂದು' ಎಂಬರ್ಥದ ಕಡೆಯ ಪದ 'ಏಹಾದ್'ನ ಕೊನೆಯಕ್ಷರವನ್ನೂ ಉಳಿದವಕ್ಕಿಂತ ದೊಡ್ಡದಾಗಿ ಬರೆಯುತ್ತಾನೆ. ಆ ಎರಡನ್ನು ಜೋಡಿಸಿದರೆ 'ಏದ್' ಆಗುತ್ತದೆಂದು ಸಂಪ್ರದಾಯದ ವ್ಯಾಖ್ಯಾನ. ಕನ್ನಡದ ಮುದ್ರಣಕ್ಕೆ ಆ ದೊಡ್ಡಕ್ಷರಗಳು ದಾಟಿ ಬರಲಾರವು. ಅಂಚಿನಲ್ಲಿ ಸೀಸದಕಡ್ಡಿಯಿಂದ ಓದುಗನೇ ಬರೆದುಕೊಳ್ಳಬೇಕು.