ಹೆದೆ ಏರದ ಬಿಲ್ಲು

ಕನ್ನಡ ಕಲಿಸುವವನು ಬಿಲ್ಲಿನ ವಿಷಯ ಬರೆಯಹೊರಟಿದ್ದನ್ನು ಕಂಡು ನಮ್ಮ ಶಿಕ್ಷಕರ ಕೊಠಡಿಯಲ್ಲಿ ಕೆಲವರು ನಕ್ಕರು. ನಗಲಿ. ಇಪ್ಪತ್ತು ವರ್ಷಗಳಿಂದ 'ಹೆದೆಯೇರಿಸು' ಎಂಬ ಮಾತಿಗೆ ಕರಿಹಲಗೆಯ ಮೇಲೆ ಅರ್ಥ ಬರೆಯುತ್ತ ಬಂದವನು ನಾನು. ಹೆದೆಯನ್ನು ಕೈಯಿಂದ ಮುಟ್ಟಿದ್ದು ಮಾತ್ರ 2023ರಲ್ಲಿ.

ಆ ವರ್ಷ ಆಗಸ್ಟಿನಲ್ಲಿ ನಮ್ಮ ನೆರೆಯ ಸಾತಾರೆಯ ಅದಿತಿ ಸ್ವಾಮಿ ಎಂಬ 17 ವರ್ಷದ ಹುಡುಗಿ ಬರ್ಲಿನ್ನಿನಲ್ಲಿ ಕಾಂಪೌಂಡ್ ಬಿಲ್ಲಿನಿಂದ ವಿಶ್ವವಿಜೇತೆಯಾದಳು. ನಮ್ಮ ಜತ್ತ ತಾಲೂಕಿಗೆ ಬರುವ ಮರಾಠಿ ಪತ್ರಿಕೆಯ ಸುದ್ದಿಯನ್ನು ನಾನು ಎಂಟನೆಯ ತರಗತಿಗೆ ಕನ್ನಡದಲ್ಲಿ ಓದಿ ಹೇಳಿದೆ. ನಾಲ್ಕನೆಯವರೆಗೆ ಕನ್ನಡ, ಮುಂದೆ ಮರಾಠಿಯಲ್ಲಿ ಕಲಿತವನಾದ್ದರಿಂದ ಇದು ನನಗೆ ರೂಢಿ. ಗಂಟೆ ಬಾರಿಸಿದ ಮೇಲೆ ಒಬ್ಬ ಹುಡುಗಿ ಹಿಂದೆಯೇ ಬಂದು, "ಸರ, ನಾನೂ ಆ ಗಾಲಿ ಬಿಲ್ಲು ಹೊಡೀಬೇಕ್ರಿ" ಎಂದಳು.

ಗಾಲಿ ಬಿಲ್ಲು ಎಂದದ್ದು ಸರಿಯೇ. ಅಮೇರಿಕೆಯ ಮಿಸೌರಿಯ ಹಾಲೆಸ್ ವಿಲ್ಬರ್ ಆಲನ್ ಎಂಬಾತ ಬಿಲ್ಲಿನ ಎರಡೂ ತುದಿಗೆ ನಡು ತಪ್ಪಿಸಿದ ಗಾಲಿಗಳನ್ನು ಕೂಡಿಸಿ 1969ರಲ್ಲಿ ಪೇಟೆಂಟ್ ಪಡೆದನು. ಹೆದೆಯನ್ನು ಪೂರ್ತಿ ಎಳೆದಾಗ ಗಾಲಿ ತಿರುಗಿ ಭಾರ ಇಳಿಯುತ್ತದೆ. 40 ಪೌಂಡಿನ ಬಿಲ್ಲು ನೂರಕ್ಕೆ 75ರಷ್ಟು ಇಳಿದರೆ ಗುರಿ ಹಿಡಿದು ನಿಲ್ಲಲು 10 ಪೌಂಡು ತಡೆದರೆ ಸಾಕು. ಆದರೆ ಪುರಾಣದ ವೀರರಂತೆ ಇದಕ್ಕೆ ಕೈಯಿಂದ ಹೆದೆಯೇರಿಸಲಾಗದು. ಪ್ರೆಸ್ ಎಂಬ ಯಂತ್ರದಲ್ಲಿಟ್ಟು ತೋಳುಗಳನ್ನು ಬಾಗಿಸಿಯೇ ಹೆದೆ ತೆಗೆಯಬೇಕು, ಹಾಕಬೇಕು. ಇದನ್ನು ನಾನು ತಿಳಿದದ್ದು ತಡವಾಗಿ.

ಮೊದಲ ಬಿಲ್ಲನ್ನು ಆರಿಸಿದವನು ನಾನೇ. ಯಾರೋ ಬಳಸಿ ಬಿಟ್ಟದ್ದು. ವೇಗ ಹೆಚ್ಚು, ಹೊಳಪು ಹೆಚ್ಚು. ಹುಡುಗಿಯ ತಂದೆ ದಾಳಿಂಬೆಯ ಹಣ ಎಣಿಸಿಕೊಡುತ್ತ, "ಗುರುಗಳ, ಇದು ಕೆಟ್ರ ಬಿಚ್ಚಾವ್ರು ಯಾರ್ರೀ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಎರಡು ತಿಂಗಳಲ್ಲಿ, ಊಟದ ಬಿಡುವಿನಲ್ಲಿ ಒಬ್ಬ ಹುಡುಗ ಬಾಣವಿಲ್ಲದೆಯೇ ಹೆದೆ ಎಳೆದು ಬಿಟ್ಟನು. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ಬಿಲ್ಲಿನ ಮೈಗೇ ಬಡಿಯಿತು. ಹೆದೆ ಗಾಲಿಯಿಂದ ಹಾರಿತು, ಗಾಲಿಯ ಅಂಚು ಸೊಟ್ಟಾಯಿತು. ಬಿಲ್ಲನ್ನು ಬೀಗ ಹಾಕಿ ಇಡದೆ ಹೋದದ್ದು ನನ್ನ ತಪ್ಪು. ಆ ಮಾದರಿಯ ಗಾಲಿ ಈಗ ತಯಾರಾಗುವುದೇ ಇಲ್ಲವೆಂದು ಪಟ್ಟಣದ ಅಂಗಡಿಯವರು ಹೇಳಿದರು. ಆಯ್ಕೆಯ ದಿನ ಬಂದು ಹೋಯಿತು. ಹುಡುಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

2024ರಲ್ಲಿ ಎರಡನೆಯ ಬಿಲ್ಲಿಗೆ ಹೋದಾಗ ತಂದೆಯವರನ್ನು ಕರೆದೊಯ್ದೆ. ಬಾವಿಯ ಮೋಟರನ್ನು ತಾವೇ ಬಿಚ್ಚಿ ಕೂಡಿಸುವವರು ಅವರು. ಯಾವ ಬಿಲ್ಲು ಎಷ್ಟು ದೂರ ಹೊಡೆಯುತ್ತದೆಂದು ಅವರು ಕೇಳಲೇ ಇಲ್ಲ. ಯಾವ ಕೀಲಿಯಿಂದ ಬಿಚ್ಚುವುದು, ಯಾವುದು ಸವೆಯುತ್ತದೆ, ಅದು ಎಲ್ಲಿ ಸಿಗುತ್ತದೆ ಎಂದರು. "ಮೋಟರ್ ತಗೋಳಾಗ ನಾವು ಮೊದಲ ಕೇಳೂದು ಇದನ್ನ ನೋಡ್ರಿ." ಹುಡುಗಿ ಬೆಳೆಯುವವಳು, ತೋಳಿನ ಉದ್ದ ಬದಲಾಗುತ್ತದೆ; ಆದ್ದರಿಂದ ಎಳೆತದ ಉದ್ದವನ್ನು ಪ್ರೆಸ್ ಇಲ್ಲದೆ ಆರುಮೂಲೆಯ ಕೀಲಿಯಿಂದಲೇ ಬದಲಿಸಬಹುದಾದದ್ದನ್ನು ಆರಿಸಿದೆವು. ಭಾರ ಹೆಚ್ಚುಕಡಿಮೆ ಮಾಡಲು ತೋಳಿನ ಎರಡು ಬೋಲ್ಟುಗಳನ್ನು ಸಮನಾಗಿ ತಿರುವಿದರಾಯಿತು; ಎಷ್ಟು ಸುತ್ತಿನ ಆಚೆ ಸಡಿಲಿಸಬಾರದೆಂದು ಪುಸ್ತಿಕೆಯಲ್ಲಿದೆ. ಹೆದೆ, ಕೇಬಲ್ಲುಗಳ ಅಳತೆಯೂ ಅದರಲ್ಲಿ ಇದ್ದುದರಿಂದ ಯಾರಿಂದ ಬೇಕಾದರೂ ಮಾಡಿಸಬಹುದು. ಬಿಲ್ಲು ಉದ್ದ, ವೇಗ ಸ್ವಲ್ಪ ಕಡಿಮೆ, ಕೈ ತುಸು ಅಲುಗಿದರೂ ಕ್ಷಮಿಸುವಂಥದು.

ಪ್ರೆಸ್ಸನ್ನು ಜ್ಯಾಕಿನಿಂದ ತಾವೇ ಮಾಡುವೆನೆಂದರು ತಂದೆಯವರು. ಅಂಗಡಿಯವರು ಮರಾಠಿಯಲ್ಲಿ ಖಡಾಖಂಡಿತ ಬೇಡವೆಂದರು. ತೋಳು ಜಾರಿದರೆ ಮುಖವೇ ಹೋದೀತು. ಕೊನೆಗೆ ಆ ಬಿಲ್ಲಿಗೊಪ್ಪುವ ಪ್ರೆಸ್ಸನ್ನು ನಾಲ್ಕು ಮನೆಯವರು ಕೂಡಿ ಕೊಂಡೆವು. ಅದರಲ್ಲಿ ನನ್ನ ಪಾಲೂ ಇದೆ.

ಈಗ ಹುಡುಗಿ ಹೆದೆಗೆ ಮೇಣ ಹಚ್ಚುತ್ತಾಳೆ, ಎಳೆ ಎದ್ದಿದೆಯೇ ಎಂದು ಬೆರಳಾಡಿಸುತ್ತಾಳೆ. ಎರಡು ಮೀಟರಿನಾಚೆ ಚೌಕಟ್ಟಿಗೆ ಹಳೆಯ ಪತ್ರಿಕೆ ಬಿಗಿದು, ಅದರ ಹಿಂದೆ ಬಾಣ ತಡೆಯುವ ಬೊಂತೆ ಇಟ್ಟು ಹೊಡೆಯುತ್ತಾಳೆ. ಬಾಣದ ಬಾಲ ಕಾಗದವನ್ನು ಮೇಲಕ್ಕೆ ಹರಿದಿದ್ದರೆ ಬಾಣ ಕೂಡುವ ಆಸರೆಯನ್ನು ಕೂದಲೆಳೆಯಷ್ಟು ಏರಿಸುತ್ತಾಳೆ. ಎಲ್ಲವೂ ಆಕೆಯ ವಹಿಯಲ್ಲಿ ಕನ್ನಡದಲ್ಲಿದೆ. ಎರಡು ಗಾಲಿಗಳೂ ಒಂದೇ ಕ್ಷಣಕ್ಕೆ ನಿಲ್ಲಬೇಕೆಂಬುದಕ್ಕೆ ಆಕೆ ಬರೆದ ಹೆಸರು 'ಜೋಡೆತ್ತು'. ಇಷ್ಟು ಒಳ್ಳೆಯ ಪದ ನನಗೆ ಹೊಳೆಯುತ್ತಿರಲಿಲ್ಲ.

2025ರ ಸ್ಪರ್ಧೆಯಲ್ಲಿ ನಡುವೆಯೇ ಹೆದೆಯೊಳಗಿನ ಇಣುಕುಬಿಲ್ಲೆ ಓರೆಯಾಯಿತು. ನಾನು ಯಾರನ್ನು ಕರೆಯಲೆಂದು ಅತ್ತಿತ್ತ ನೋಡುವಷ್ಟರಲ್ಲಿ ಆಕೆ ಇಕ್ಕಳದಿಂದ ಹೆದೆಯ ಕುಣಿಕೆಯನ್ನು ತುಸು ತಿರುವಿ, ಎಳೆದು ನೋಡಿ, ಸಾಲಿಗೆ ಮರಳಿದ್ದಳು. ಹನ್ನೊಂದನೆಯವಳಾಗಿ ಬಂದಳು. ಬಸ್ಸಿನಲ್ಲಿ ತಂದೆಯವರು ಕೇಳಿದ್ದು, ಹೆದೆ ಇನ್ನೆಷ್ಟು ದಿನ ಬಂದೀತು ಎಂದು.