ಟೆನೆಸೀ ಕಣಿವೆಯ ಬೆಳಕು

ಅಮೆರಿಕದ ಆಗ್ನೇಯ ಭಾಗದಲ್ಲಿ, ನಾಕ್ಸ್‌ವಿಲ್ ನಗರದ ಬಳಿ ಹೋಲ್‌ಸ್ಟನ್, ಫ್ರೆಂಚ್ ಬ್ರಾಡ್ ಎಂಬ ಎರಡು ಹೊಳೆಗಳು ಕೂಡಿ ಟೆನೆಸೀ ನದಿಯಾಗುತ್ತವೆ. ಹುಟ್ಟಿದ ನದಿಗೆ ಗುರಿ ಸೇರುವ ಆತುರವೇನೂ ಇದ್ದಂತಿಲ್ಲ. ನೈಋತ್ಯಕ್ಕೆ ಇಳಿದು ಅಲಬಾಮ ಸಂಸ್ಥಾನವನ್ನು ಹೊಕ್ಕು, ಅಲ್ಲಿಂದ ಏನನ್ನೋ ಮರೆತು ಬಂದವರ ಹಾಗೆ ಮತ್ತೆ ಉತ್ತರಕ್ಕೆ ಹೊರಳಿ, 652 ಮೈಲಿ ಹರಿದು ಓಹಾಯೋ ನದಿಯನ್ನು ಸೇರುತ್ತದೆ. ಈ ಸುತ್ತುದಾರಿಯ ನದಿಯ ದಡದಲ್ಲಿಯೇ ಅಮೆರಿಕದ ರಾಜಕೀಯದ ಒಂದು ಹಳೆಯ ಜಗಳ ನಡೆಯಿತು. ಜನಕ್ಕೆ ಬೆಳಕನ್ನು ಕೊಡುವುದು ಸರ್ಕಾರದ ಕೆಲಸವೋ, ವ್ಯಾಪಾರಿಯ ಕೆಲಸವೋ ಎಂಬುದೇ ಆ ಜಗಳ.

ಜಗಳದ ಬೀಜ ಬಿದ್ದದ್ದು ಅಲಬಾಮದ ಮಸಲ್ ಷೋಲ್ಸ್ ಎಂಬಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಮದ್ದುಗುಂಡಿಗೆ ಬೇಕಾದ ನೈಟ್ರೇಟನ್ನು ತಯಾರಿಸುವ ಉದ್ದೇಶದಿಂದ ಸರ್ಕಾರ ಅಲ್ಲಿ ಅಣೆಕಟ್ಟೆಗೆ ಕೈಹಾಕಿತು. ಕಟ್ಟೆ ಏಳುವಷ್ಟರಲ್ಲಿ ಯುದ್ಧವೇ ಮುಗಿದುಹೋಯಿತು. ಮದುವೆ ನಿಂತ ಮನೆಯ ಚಪ್ಪರದಂತಾದ ಈ ಆಸ್ತಿಯನ್ನು ತನಗೆ ಕೊಡಿರೆಂದು ಮೋಟಾರು ತಯಾರಕ ಹೆನ್ರಿ ಫೋರ್ಡ್ 1921ರಲ್ಲಿ ಮುಂದೆ ಬಂದನು. ಅಡ್ಡ ನಿಂತವನು ನೆಬ್ರಾಸ್ಕದ ಸೆನೆಟರ್ ಜಾರ್ಜ್ ನಾರಿಸ್. ನೆಬ್ರಾಸ್ಕ ಎಲ್ಲಿ, ಟೆನೆಸೀ ಎಲ್ಲಿ! ಅಲ್ಲಿಂದ ಅವನಿಗೆ ಒಂದು ಮತವೂ ದೊರೆಯುವಂತಿರಲಿಲ್ಲ. ಆದರೂ ನೀರು ಜನರದು, ಅದರ ಶಕ್ತಿಯೂ ಜನರದೇ ಎಂದು ವರ್ಷಗಟ್ಟಲೆ ಹೋರಾಡಿದನು. ಕಾಂಗ್ರೆಸ್ ಎರಡು ಸಲ ಒಪ್ಪಿದ ಮಸೂದೆಯನ್ನು 1928ರಲ್ಲಿ ಅಧ್ಯಕ್ಷ ಕೂಲಿಜ್, 1931ರಲ್ಲಿ ಅಧ್ಯಕ್ಷ ಹೂವರ್ ತಡೆದರು. ಕಡೆಗೆ 1933ರ ಮೇ 18ರಂದು ರೂಸ್‌ವೆಲ್ಟ್ ಸಹಿ ಹಾಕಲು ಟೆನೆಸೀ ಕಣಿವೆ ಪ್ರಾಧಿಕಾರ ಹುಟ್ಟಿತು.

ಆಗಿನ ಕಣಿವೆಯೆಂದರೆ ಬಡತನದ ತವರು. ಮಳೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮಲೇರಿಯ ಮನುಷ್ಯರನ್ನು ಹಣ್ಣುಮಾಡುತ್ತಿತ್ತು. ಹಳ್ಳಿಗಾಡಿನಲ್ಲಿ ಇದ್ದುದು ಸೀಮೆಎಣ್ಣೆಯ ಬುಡ್ಡಿಯೇ ಹೊರತು ವಿದ್ಯುಚ್ಛಕ್ತಿಯಲ್ಲ. ನಾಲ್ಕು ಮನೆಗಳಿಗಾಗಿ ನಾಲ್ಕು ಮೈಲಿ ತಂತಿ ಎಳೆದರೆ ಲಾಭವೆಲ್ಲಿಂದ ಬರಬೇಕು? ಕಂಪನಿಗಳ ಲೆಕ್ಕ ಅದಾಗಿತ್ತು. ಲೆಕ್ಕವೇನೋ ಸರಿಯೇ, ಆದರೆ ಕತ್ತಲೆ ಲೆಕ್ಕಕ್ಕೆ ಸಿಗುವ ವಸ್ತುವಲ್ಲ.

ನಾಕ್ಸ್‌ವಿಲ್‌ನಿಂದ ಉತ್ತರಕ್ಕೆ ಸುಮಾರು 20 ಮೈಲಿ ಸಾಗಿದ ಪ್ರಯಾಣಿಕನಿಗೆ ಕ್ಲಿಂಚ್ ನದಿಯ ಮೇಲೆ ಆ ಸೆನೆಟರನ ಹೆಸರನ್ನೇ ಹೊತ್ತ ಅಣೆಕಟ್ಟು ಕಾಣುತ್ತದೆ. 265 ಅಡಿ ಎತ್ತರ, 1,860 ಅಡಿ ಉದ್ದದ ಈ ಕಟ್ಟೆ ಪ್ರಾಧಿಕಾರದ ಮೊದಲ ಕೃತಿ. 1933ರಲ್ಲಿ ಮೊದಲಾಗಿ 1936ರಲ್ಲಿ ಮುಗಿಯಿತು. ಅಲಂಕಾರವಿಲ್ಲದ ಅದರ ಗಾಂಭೀರ್ಯ ಕಣ್ಣಿಗೆ ಹಿತವಾಗಿದೆ. ಹಿಂದೆ ಚಾಚಿರುವ ಸರೋವರವಂತೂ ಗುಡ್ಡಗಳ ಸಂದುಸಂದಿಗೂ ಬೆರಳು ತೂರಿಸಿದಂತಿದೆ.

ಆ ನೀರಿನ ಅಡಿಯಲ್ಲಿ ಲಾಯ್ಸ್‌ಟನ್ ಎಂಬ ಊರಿದೆ. ಅಣೆಕಟ್ಟಿಗಾಗಿ ಸುಮಾರು 3,000 ಸಂಸಾರಗಳು ಮನೆ ಬಿಟ್ಟವು. ನೆಲದ ಒಡೆಯರಿಗೆ ಹಣ ಸಿಕ್ಕಿತು. ಗೇಣಿದಾರನಿಗೆ ಸಿಗಲಿಲ್ಲ; ಅವನ ಹೆಸರಿನಲ್ಲಿ ನೆಲವೇ ಇರಲಿಲ್ಲವಲ್ಲ! ಹಣ ಪಡೆದವರಿಗೂ, ಆರ್ಥಿಕ ಕುಸಿತದ ಆ ದಿನಗಳಲ್ಲಿ, ಹೊಸದಾಗಿ ಹೊಲ ಹುಡುಕುವುದು ಸುಲಭವಾಗಿರಲಿಲ್ಲ. ಸತ್ತವರೂ ಸ್ಥಳ ಬದಲಾಯಿಸಬೇಕಾಯಿತು: 5,000ಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. ಸರೋವರದ ಅತ್ಯಂತ ಅಗಲವಾದ ಭಾಗಕ್ಕೆ ಇಂದು ಲಾಯ್ಸ್‌ಟನ್ ಸಮುದ್ರವೆಂದು ಹೆಸರು. ಬೇಸಿಗೆಯಲ್ಲಿ ಅದರ ಮೇಲೆ ವಿಹಾರದ ದೋಣಿಗಳು ಓಡಾಡುತ್ತವೆ. ಕೆಲಸಗಾರರಿಗಾಗಿ ಹತ್ತಿರದಲ್ಲಿಯೇ ನಾರಿಸ್ ಎಂಬ ಮಾದರಿ ಪಟ್ಟಣವನ್ನು ಕಟ್ಟಿದರು. ನೆರಳಿನ ಬೀದಿಗಳು, ಅಚ್ಚುಕಟ್ಟಾದ ಮನೆಗಳು, ಆ ಕಾಲಕ್ಕೆ ಅಪೂರ್ವವಾದ ವಿದ್ಯುತ್ ಒಲೆಗಳು. ಆದರೆ ಕರಿಯ ಕೆಲಸಗಾರನಿಗೆ ಅಲ್ಲಿ ಮನೆ ಇರಲಿಲ್ಲ. ಪ್ರಾಧಿಕಾರದ ಹೊಗಳಿಕೆಯ ಬರಹಗಳು ಈ ಮಾತನ್ನು ಬಹುಕಾಲ ಮೆಲ್ಲಗೆ ದಾಟಿಸಿದುವು.

ಬೆಳಕು ಬಂದದ್ದೂ ನಿಜ. 1934ರ ಫೆಬ್ರವರಿಯಲ್ಲಿ ಮಿಸಿಸಿಪಿ ಸಂಸ್ಥಾನದ ಟ್ಯುಪೆಲೊ ಪಟ್ಟಣ ಮೊದಲು ಪ್ರಾಧಿಕಾರದ ವಿದ್ಯುತ್ತನ್ನು ಕೊಂಡಿತು. ದರ ಇಳಿಯಿತು; ಇಳಿದಂತೆಲ್ಲ ಬಳಕೆ ಏರಿತು. ರೈತರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ತಂತಿ ಎಳೆಸಿಕೊಂಡರು. ಕಂಪನಿಗಳು ನ್ಯಾಯಾಲಯಕ್ಕೆ ಓಡಿದುವು; 1936ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಾಧಿಕಾರದ ಪಕ್ಷದಲ್ಲಿ ತೀರ್ಪಿತ್ತಿತು. ಕಂಪನಿಗಳ ಮುಂದಾಳು ವೆಂಡೆಲ್ ವಿಲ್ಕಿ 1939ರಲ್ಲಿ ತನ್ನ ಟೆನೆಸೀ ಆಸ್ತಿಯನ್ನು ಒಳ್ಳೆಯ ಬೆಲೆಗೇ ಮಾರಿ, ಮರುವರ್ಷ ರೂಸ್‌ವೆಲ್ಟನ ಎದುರು ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತನು. ಈ ಪ್ರಾಧಿಕಾರದ ಮಾದರಿಯಲ್ಲಿಯೇ 1948ರಲ್ಲಿ ಭಾರತದಲ್ಲಿ ದಾಮೋದರ ಕಣಿವೆ ನಿಗಮ ಸ್ಥಾಪಿತವಾಯಿತು.

ನದಿಯ ಶಕ್ತಿ ಸಾಲದಾದಾಗ ಪ್ರಾಧಿಕಾರ ಕಲ್ಲಿದ್ದಲಿಗೆ, ಆಮೇಲೆ ಪರಮಾಣುವಿಗೆ ಕೈಚಾಚಿತು. 2008ರ ಡಿಸೆಂಬರ್ 22ರಂದು ಕಿಂಗ್‌ಸ್ಟನ್‌ನ ಉಷ್ಣ ಸ್ಥಾವರದ ಬೂದಿಯ ಕಟ್ಟೆ ಒಡೆದು, 100 ಕೋಟಿ ಗ್ಯಾಲನ್ನಿಗೂ ಮಿಕ್ಕ ಕೆಸರು ಹೊಲಮನೆಗಳ ಮೇಲೆ ನುಗ್ಗಿತು. ಜನರ ಸಂಸ್ಥೆಯಾದ ಮಾತ್ರಕ್ಕೆ ಅದರ ಬೂದಿ ಜನರನ್ನು ಬಿಟ್ಟೀತೆ?

ವಿಚಿತ್ರವೆಂದರೆ ಕಣಿವೆಯ ಮನಸ್ಸು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇದನ್ನು ತೆವಳುತ್ತ ಬರುವ ಸಮಾಜವಾದಕ್ಕೆ ಉದಾಹರಣೆಯೆಂದು ಹೆಸರಿಸಿದ್ದನು. ಪ್ರಾಧಿಕಾರವನ್ನು ಮಾರಬೇಕೆಂದ ಗೋಲ್ಡ್‌ವಾಟರ್ 1964ರಲ್ಲಿ ಟೆನೆಸೀಯನ್ನು ಕಳೆದುಕೊಂಡನು. ಮುಂದೆ ಆ ಸಂಸ್ಥಾನ ಬಲಕ್ಕೆ ವಾಲಿ, 2000ದಿಂದೀಚೆಗೆ ಎಲ್ಲ ಅಧ್ಯಕ್ಷ ಚುನಾವಣೆಗಳಲ್ಲಿಯೂ ರಿಪಬ್ಲಿಕನ್ ಪಕ್ಷವನ್ನೇ ಗೆಲ್ಲಿಸಿತು. ಹಾಗಿದ್ದೂ 2013ರಲ್ಲಿ ಡೆಮೋಕ್ರಾಟ್ ಅಧ್ಯಕ್ಷ ಒಬಾಮ ತನ್ನ ಆಯವ್ಯಯ ಪತ್ರದಲ್ಲಿ ಪ್ರಾಧಿಕಾರವನ್ನು ಖಾಸಗಿಯವರಿಗೆ ಒಪ್ಪಿಸುವ ಮಾತೆತ್ತಿದಾಗ ಮೊದಲು ಕೂಗೆಬ್ಬಿಸಿದವರು ಟೆನೆಸೀಯ ರಿಪಬ್ಲಿಕನ್ನರೇ. ದರ ಏರುವುದೆಂಬ ಭಯ ಅವರದು. 2018ರಲ್ಲಿ ಟ್ರಂಪ್ ಸರ್ಕಾರ ಪ್ರಾಧಿಕಾರದ ವಿದ್ಯುತ್ ಸಾಗಣೆಯ ತಂತಿಜಾಲವನ್ನು ಮಾರುವ ಪ್ರಸ್ತಾಪ ತಂದಾಗಲೂ ಅಲ್ಲಿನ ಪ್ರತಿನಿಧಿಗಳು ಪಕ್ಷದ ಮುಖ ನೋಡಲಿಲ್ಲ. ಸರ್ಕಾರದ ಕೈ ಉದ್ದವಾಯಿತೆಂದು ಚುನಾವಣೆಯ ವೇದಿಕೆಯಲ್ಲಿ ಗೊಣಗುವ ಆ ನಾಡು, ತನ್ನ ಮನೆಯ ದೀಪಕ್ಕೆ ಎಣ್ಣೆ ಎರೆಯುವ ಕೈಯನ್ನು ಮಾತ್ರ ಇನ್ನೂ ಭದ್ರವಾಗಿ ಹಿಡಿದುಕೊಂಡಿದೆ.