ತಾರಿ ದಾಟುವ ಸೈಕಲ್ಲು

ಘಟ್ಟದ ಮೇಲಿನ ಗೆಳೆಯರಿಗೆ ಕರಾವಳಿ ಎಂದರೆ ಸಪಾಟು ನೆಲ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ತೆಂಗಿನ ಸಾಲು, ನಡುವೆ ಹಾಸಿಟ್ಟಂಥ ರಸ್ತೆ. ಪೆಡಲ್ ತುಳಿಯುತ್ತಾ ಹೋದರಾಯಿತು. ಕಾರವಾರದಿಂದ ಮಂಗಳೂರಿಗೆ ಒಮ್ಮೆ ಸೈಕಲ್ಲಿನಲ್ಲಿ ಹೋದವರು ಯಾರೂ ಹೀಗೆ ಹೇಳಲಾರರು. ಸುಮಾರು 270 ಕಿಲೋಮೀಟರಿನ ಈ ದಾರಿಯಲ್ಲಿ ಕಡಲು ಕಣ್ಣಿಗೆ ಬೀಳುವುದು ಅಲ್ಲಲ್ಲಿ ಮಾತ್ರ. ಉಳಿದದ್ದೆಲ್ಲ ಗುಡ್ಡ ಹತ್ತುವುದು, ಹೊಳೆಗೆ ಇಳಿಯುವುದು, ಸೇತುವೆ ದಾಟುವುದು, ಮತ್ತೆ ಗುಡ್ಡ ಹತ್ತುವುದು.

ಸಹ್ಯಾದ್ರಿ ಇಲ್ಲಿ ಕಡಲಿಗೆ ತೀರ ಹತ್ತಿರ. ಘಟ್ಟದಿಂದ ಧುಮುಕಿದ ನೀರು ಸ್ವಲ್ಪ ದೂರ ಹರಿಯುವಷ್ಟರಲ್ಲಿ ಅಳಿವೆ ಸೇರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ವಾರಾಹಿ, ಸೀತಾ, ಸ್ವರ್ಣಾ, ಶಾಂಭವಿ, ನಂದಿನಿ, ಫಲ್ಗುಣಿ, ನೇತ್ರಾವತಿ. ಪ್ರತಿ ಎರಡು ಹೊಳೆಗಳ ನಡುವೆ ಒಂದು ಕೆಂಪುಕಲ್ಲಿನ ಗುಡ್ಡ. ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ್ದ ಈ ಹೆಸರುಗಳು ನನಗೆ ನಿಜವಾಗಿ ಅರ್ಥವಾದದ್ದು ಮೊಣಕಾಲಿನಿಂದ. ಏರು ಮುಗಿದು ಗಾಳಿ ತಂಪಾಗಿ, ಕೆಸರಿನ ವಾಸನೆ ಬಂತೆಂದರೆ ಮುಂದೊಂದು ಸೇತುವೆ ಇದೆ ಎಂದೇ ಲೆಕ್ಕ.

ಈ ದಾರಿಯನ್ನು ನಾನು ಬಡಗಿನಿಂದ ತೆಂಕಿಗೇ ಹಿಡಿಯುತ್ತೇನೆ. ಚಳಿಗಾಲದ ಬೆಳಗಿನಲ್ಲಿ ಗಾಳಿ ಘಟ್ಟದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ನೆಲ ಕಾದಂತೆ ಅದು ತಿರುಗಿ, ಮಧ್ಯಾಹ್ನದ ಹೊತ್ತಿಗೆ ಪಡುವಣ–ಬಡಗಣ ದಿಕ್ಕಿನಿಂದ ಕಡಲಗಾಳಿ ಏಳುತ್ತದೆ. ಮಂಗಳೂರಿನಿಂದ ಹೊರಟವರಿಗೆ ಅದು ಎದೆಗೆ ಕೈಯಿಟ್ಟು ತಳ್ಳಿದಂತೆ; ಕಾರವಾರದಿಂದ ಹೊರಟವರಿಗೆ ಬೆನ್ನಿಗೆ ಕೈಯಿಟ್ಟಂತೆ. ಮೀನುಗಾರರಿಗೆ ಹುಟ್ಟಿನಿಂದಲೇ ಗೊತ್ತಿರುವ ಈ ಸಂಗತಿಯನ್ನು ಸೈಕಲ್ಲಿನವರು ಒಂದೇ ದಿನದಲ್ಲಿ ಕಲಿಯುತ್ತಾರೆ.

ಕಾರವಾರ ಬಿಟ್ಟೊಡನೆ ಎದುರಾಗುವುದು ಗುಡ್ಡ ಮತ್ತು ಗೋಡೆ. ನೌಕಾನೆಲೆಗಾಗಿ ಊರುಗಳನ್ನೇ ಬಿಟ್ಟು ಹೋದವರ ಕಡಲು ಈಗ ಗೋಡೆಯ ಆಚೆಗಿದೆ. ಅಂಕೋಲೆ ದಾಟಿದರೆ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಅಲ್ಲಿ ನಿಂತಿದ್ದವರು ಮಣ್ಣಿನ ಜೊತೆ ಗಂಗಾವಳಿಗೆ ಸೇರಿಹೋದರು. ಒಂದು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 7ರ ರಾತ್ರಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಮುರಿದು ಬಿತ್ತು. ಆ ತಿರುವಿನಲ್ಲಿ ಈಗ ಯಾವ ಸೈಕಲ್ಲಿನವನೂ ನೀರು ಕುಡಿಯಲು ನಿಲ್ಲುವುದಿಲ್ಲ. ಕಡಿದ ಗುಡ್ಡದ ಕೆಂಪು ಮೈಯನ್ನು ನೋಡುತ್ತಾ ಬೇಗಬೇಗ ತುಳಿಯುತ್ತೇವೆ.

ಹಿಂದೆ ಎನ್‌ಎಚ್ 17 ಎಂದು ಕರೆಯುತ್ತಿದ್ದ, ಈಗಿನ 66ನೇ ಹೆದ್ದಾರಿ ಚತುಷ್ಪಥವಾದ ಮೇಲೆ ನಮ್ಮಂಥ ಹವ್ಯಾಸಿಗಳಿಗೆ ಒಳ್ಳೆಯದೇ ಆಯಿತು ಎನ್ನಬೇಕು. ಅಂಚಿನಲ್ಲಿ ಬಿಳಿ ಗೆರೆಯಾಚೆ ಜಾಗವಿದೆ, ಡಾಂಬರು ನುಣುಪಾಗಿದೆ. ಆದರೆ ಹೆದ್ದಾರಿ ಪಕ್ಕದ ಅತ್ತೆಯ ಮನೆಗೆ ಹೋದಾಗ ಬೇರೆಯದೇ ಲೆಕ್ಕ ಸಿಕ್ಕಿತು. ಅವಳ ಮೊಮ್ಮಗ ದಿನಾ ಬೆಳಿಗ್ಗೆ ಎದುರು ಬರುವ ಲಾರಿಗಳ ಬದಿಯಲ್ಲೇ, ತಪ್ಪು ದಿಕ್ಕಿನಲ್ಲಿ ಸೈಕಲ್ ಹೊಡೆದು ಶಾಲೆಗೆ ಹೋಗುತ್ತಾನೆ. ಯಾಕೋ ಎಂದರೆ, "ಸರಿ ಬದಿಗೆ ಹೋಪುಕೆ ಆಚೆ ತಿರುವಿನವರೆಗೆ ಹೋಗಿ ಸುತ್ತಿ ಬರ್ಬೇಕು ಮಾಮ, ಅಷ್ಟರಲ್ಲಿ ಶಾಲೇಲಿ ಗಂಟೆ ಹೊಡೀತದೆ" ಎಂದ. ನಡುವಿನ ವಿಭಜಕ ಊರನ್ನು ಎರಡು ಮಾಡಿದೆ. ದೇವಸ್ಥಾನ ಆಚೆ, ಗದ್ದೆ ಈಚೆ. ಕರ್ನಾಟಕದಲ್ಲಿ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಡಲು ಶುರು ಮಾಡಿದಾಗ ಅವು ಓಡಿದ್ದು ಇಂಥ ರಸ್ತೆಗಳಲ್ಲೇ. ನನ್ನ ಸೈಕಲ್ಲಿಗೆ ದಾರಿ ಅಗಲವಾಯಿತು. ಆ ಹುಡುಗನ ಸೈಕಲ್ಲಿಗೆ ಅದೇ ದಾರಿ ಇಲ್ಲವಾಯಿತು.

ಹೀಗಾಗಿ ಹೆದ್ದಾರಿ ಬಿಟ್ಟುಕೊಟ್ಟ ದಾರಿಗಳನ್ನು ಹುಡುಕುತ್ತಾ ಹೋಗುವುದು ಅಭ್ಯಾಸವಾಗಿದೆ. ಮಾದನಗೇರಿಯಲ್ಲಿ ಬಲಕ್ಕೆ ತಿರುಗಿದರೆ ಯಶವಂತ ಚಿತ್ತಾಲರ ಹನೇಹಳ್ಳಿ, ಮುಂದೆ ಗೋಕರ್ಣ, ಸಾಣಿಕಟ್ಟೆಯ ಉಪ್ಪಿನ ಆಗರ, ತದಡಿ. ಅಲ್ಲಿ ರಸ್ತೆ ಮುಗಿಯುತ್ತದೆ. ಎದುರಿಗೆ ಅಘನಾಶಿನಿಯ ಅಳಿವೆ, ಆಚೆ ದಡದಲ್ಲಿ ಅದೇ ಹೆಸರಿನ ಊರು. ನಡುವೆ ತಾರಿ ದೋಣಿ. ಬೈಕು, ಸೈಕಲ್ಲು, ಮೀನಿನ ಬುಟ್ಟಿ, ಕಾಲೇಜಿನ ಹುಡುಗಿಯರು ಎಲ್ಲ ಅದರಲ್ಲೇ. ದಾಟಿ ಇಳಿದರೆ ಕಾಗಾಲ, ಬಾಡ, ಹೊಲನಗದ್ದೆ ಎಂದು ತೋಟಗಳ ನಡುವಿನ ಕಿರುದಾರಿಯಲ್ಲಿ ಕುಮಟೆಗೆ ಬರಬಹುದು. ಹೆದ್ದಾರಿಯಲ್ಲಾದರೆ ಹಿರೇಗುತ್ತಿ, ಮಿರ್ಜಾನ ಬಳಸಿ ದೊಡ್ಡ ಸುತ್ತು.

ಅಣೆಕಟ್ಟು ಕಾಣದ ಹೊಳೆ ಇದು. 2024ರಲ್ಲಿ ಈ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಇಳಿತದ ಹೊತ್ತಿಗೆ ಹೋದರೆ ಸೊಂಟಮಟ್ಟದ ನೀರಿನಲ್ಲಿ ಬಳಚು ಆರಿಸುವವರು ಕಾಣುತ್ತಾರೆ. ದಡದಾಚೆಯ ಗಜನಿಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದರು, ಈಗಲೂ ಅಲ್ಲಲ್ಲಿ ಬೆಳೆಯುತ್ತಾರೆ. ಸೈಕಲ್ ಒರಗಿಸಿಕೊಂಡು ದೋಣಿಯ ಅಂಚಿಗೆ ಕೂತರೆ, ಇಡೀ ಕರಾವಳಿಯಲ್ಲಿ ನನಗೆ ಇದಕ್ಕಿಂತ ಇಷ್ಟದ ಹತ್ತು ನಿಮಿಷಗಳಿಲ್ಲ.

ಅಪ್ಪನ ಎದುರು ಈ ಮಾತು ನಡೆಯುವುದಿಲ್ಲ. ಕಾಗಾಲದ ನಮ್ಮ ಮನೆಯಿಂದ ತದಡಿ ಬದಿಯ ಶಾಲೆಗೆ ಅವನು ಮೂವತ್ತು ವರ್ಷ ಮಾಸ್ತರಿಕೆಗೆ ಹೋದದ್ದು ಇದೇ ತಾರಿಯಲ್ಲಿ, ಕಪ್ಪು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದೋಣಿಗೆ ಹತ್ತಿಸಿ. "ನಿಂಗೆ ಅದು ಚಂದ ಕಾಣ್ತದೆ ತಮಾ. ನಂಗೆ ಅದು ಹಾಜರಿ ಪುಸ್ತಕ" ಎನ್ನುತ್ತಾನೆ. ಜೂನ್ ತಿಂಗಳಲ್ಲಿ ಅಳಿವೆ ಕೆರಳಿದರೆ ದೋಣಿ ಬಿಡುತ್ತಿರಲಿಲ್ಲ. ಬಿಳಿ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಬನಿಯನ್ನಿನಲ್ಲೇ ದಾಟಿ, ಆಚೆ ದಡದಲ್ಲಿ ಅಂಗಿ ತೊಟ್ಟು ಶಾಲೆಗೆ ಹೋಗುತ್ತಿದ್ದ. ನನ್ನ ತಂಗಿ ಹುಟ್ಟಿದ ಸಂಜೆ ಅವನು ತದಡಿಯಲ್ಲೇ ಉಳಿದುಬಿಟ್ಟಿದ್ದ. ಮಳೆ, ಗಾಳಿ, ದೋಣಿಯವರು ಆಗುವುದಿಲ್ಲ ಎಂದರು. ರಾತ್ರಿಯಿಡೀ ದಡದ ಒಂದು ಅಂಗಡಿಯ ಜಗುಲಿಯಲ್ಲಿ ಕೂತು ಆಚೆ ದಡದ ದೀಪಗಳನ್ನು ನೋಡುತ್ತಿದ್ದನಂತೆ. ಬೆಳಿಗ್ಗೆ ದಾಟಿ ಬಂದಾಗ ತಂಗಿಗೆ ಹನ್ನೊಂದು ತಾಸು ತುಂಬಿತ್ತು. ಆಯಿ ಇದನ್ನು ಇವತ್ತಿಗೂ ನಗುತ್ತಾ ಹೇಳುತ್ತಾಳೆ. ಅಪ್ಪ ನಗುವುದಿಲ್ಲ.

ಅಲ್ಲಿ ಸೇತುವೆಯಾಗಲಿ ಎಂದು ಅವನಿಗೆ ಆಸೆ. ಆಗದಿರಲಿ ಎಂದು ನನಗೆ. ವರ್ಷಕ್ಕೆರಡು ಸಲ ಬೆಂಗಳೂರಿನಿಂದ ಬಂದು ದಾಟುವವನ ಮಾತಿಗೂ, ದಿನಾ ದಾಟಿದವನ ಮಾತಿಗೂ ಒಂದೇ ತೂಕ ಇರಲಾರದು ಎಂದು ನನಗೆ ಗೊತ್ತು. ಆದರೂ ಸೇತುವೆ ಬಂದ ಮೇಲೆ ಅದರ ಹಿಂದೆ ಏನೇನು ಬರುತ್ತದೆ ಎಂಬುದನ್ನು ಅತ್ತೆಯ ಊರಿನಲ್ಲಿ ನೋಡಿದ್ದೇನೆ. ಈ ಎರಡರ ನಡುವೆ ಉತ್ತರವಿಲ್ಲದೆ ತುಳಿಯುವುದೇ ನನ್ನ ಪಾಲಿಗೆ ಕರಾವಳಿಯ ಸೈಕಲ್ ಸವಾರಿ.

ಹೊನ್ನಾವರದಲ್ಲಿ ಶರಾವತಿಯ ಉದ್ದನೆಯ ಸೇತುವೆ ದಾಟಿ, ಮುರ್ಡೇಶ್ವರ, ಭಟ್ಕಳ ಕಳೆದು, ಬೈಂದೂರಿನ ಬಳಿ ಒತ್ತಿನೆಣೆಯ ಗುಡ್ಡ ಏರಿಳಿದರೆ ಮರವಂತೆ. ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಚಿತ್ರ ತೆಗೆಯುವವರು ನಿಲ್ಲುವ ಜಾಗ ಇದು. ಕೆಳಗೆ ಬಗ್ಗಿ ನೋಡಿದರೆ ಕಡಲಿನ ಬದಿಗೆ ಸುರಿದ ಬಂಡೆಗಳ ರಾಶಿ. ಆ ಕಲ್ಲುಗಳ ಬಲದಿಂದ ರಸ್ತೆ ನಿಂತಿದೆ.

ಕುಂದಾಪುರ, ಕೋಟ ದಾಟಿ ಸಾಸ್ತಾನದಿಂದ ಬಲಕ್ಕೆ ಇಳಿದರೆ ಹಂಗಾರಕಟ್ಟೆ. ಇಲ್ಲಿ ತಾರಿಗೆ ಕಡವು ಎನ್ನುತ್ತಾರೆ. ಕಾರಂತರ 'ಮರಳಿ ಮಣ್ಣಿಗೆ'ಯನ್ನು ಓದಿದವರಿಗೆ, ಕಡಲಿಗೂ ಹಿನ್ನೀರಿಗೂ ನಡುವೆ ಸಿಕ್ಕಿಕೊಂಡ ಈ ಮರಳು ನೆಲದ ಬಾಳು ಹೊಸದಲ್ಲ. ಬಾರ್ಜಿನಲ್ಲಿ ದಾಟಿದರೆ ಕೋಡಿ ಬೆಂಗ್ರೆ. ಅಲ್ಲಿಂದ ಮಲ್ಪೆಯವರೆಗೆ, ಮತ್ತೆ ಸೇತುವೆ ದಾಟಿ ಪಡುಕೆರೆಯಿಂದ ಮಟ್ಟುವಿನವರೆಗೆ, ಒಂದು ಬದಿಗೆ ಅಲೆ, ಇನ್ನೊಂದು ಬದಿಗೆ ಹೊಳೆ. ಅಂಗಳದಲ್ಲಿ ಒಣಮೀನು, ದಂಡೆಯಲ್ಲಿ ಬಲೆ ಹೊಲಿಯುವವರು, ಮಟ್ಟುವಿನ ಗದ್ದೆಗಳಲ್ಲಿ ಗುಳ್ಳ ಬದನೆ. ವೇಗದ ಲೆಕ್ಕ ಇಡುವವರಿಗೆ ಇದು ದಾರಿಯಲ್ಲ. ಎರಡು ನಿಮಿಷಕ್ಕೊಮ್ಮೆ ಕೋಳಿಯೋ ಮಗುವೋ ಅಡ್ಡ ಬರುತ್ತದೆ. 1901ರ ಕಾಪು ದೀಪಸ್ತಂಭ ಕಂಡ ಮೇಲೆ ಮಂಗಳೂರು ದೂರವೇನಲ್ಲ, ಆದರೆ ಹೆದ್ದಾರಿಗೆ ಮರಳಲೇಬೇಕು.

ಹೋಗಬೇಕೆನಿಸಿದವರು ಡಿಸೆಂಬರ್ ಅಥವಾ ಜನವರಿಯಲ್ಲಿ ಹೊರಡಿ. ಮೂರು ದಿನ ಇಟ್ಟುಕೊಳ್ಳಿ, ನಸುಕಿಗೇ ಪೆಡಲ್ ಹಾಕಿ. ಉಪ್ಪುಗಾಳಿ ಚೈನನ್ನು ಬೇಗ ತಿನ್ನುತ್ತದೆ, ರಾತ್ರಿ ಒರೆಸಿ ಎಣ್ಣೆ ಬಿಡಿ. ದೋಣಿಯಲ್ಲಿ ಪಕ್ಕ ಕೂತವರನ್ನು ಮಾತಾಡಿಸಿ, ಸೇತುವೆ ಬೇಕೋ ಬೇಡವೋ ಎಂದು ಕೇಳಿ. ಹೆದ್ದಾರಿಯಲ್ಲಿ ಸಮವಸ್ತ್ರದ ಹುಡುಗನೊಬ್ಬ ಎದುರು ದಿಕ್ಕಿನಿಂದ ಸೈಕಲ್ಲಿನಲ್ಲಿ ಬಂದರೆ ಬೈಯಬೇಡಿ. ಲಾರಿ ಇಲ್ಲದ್ದನ್ನು ನೋಡಿಕೊಂಡು ನೀವೇ ತುಸು ಬಲಕ್ಕೆ ಸರಿದು, ಗೆರೆಯಾಚೆಯ ಆ ಒಂದು ಗೇಣು ಜಾಗವನ್ನು ಅವನಿಗೆ ಬಿಟ್ಟುಕೊಡಿ.